ಶಾಂಪೇನ್ ಅಂದರೆ ಫ್ರಾನ್ಸಿನ ಬಯಲುಸೀಮೆ

ಮೊನ್ನೆ ಒಂದು ಹುಟ್ಟುಹಬ್ಬದಲ್ಲಿ ಮಕ್ಕಳ ಮುಂದೆ ಬಂಗಾರದ ಬಣ್ಣದ ಹಾಳೆ ಸುತ್ತಿದ ಬಾಟಲಿ ಇಟ್ಟು, "ಬನ್ನಿ ಬನ್ನಿ, ಶಾಂಪೇನ್ ಓಪನ್ ಮಾಡೋಣ" ಅಂತ ಕರೆದರು. ಬಾಟಲಿ ತಿರುಗಿಸಿ ನೋಡಿದೆ. ಸೇಬಿನ ರಸ, ಸಕ್ಕರೆ, ಗ್ಯಾಸ್ ತುಂಬಿದ ನೀರು. ಮುಚ್ಚಳ ಢಬ್ ಅಂತ ಹಾರಿದರೆ ಸಾಕು, ಅದು ಶಾಂಪೇನ್ ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ಟಿವಿಯವರೂ ಅಷ್ಟೇ. ಫಾರ್ಮುಲಾ ಒನ್ ರೇಸ್‌ನಲ್ಲಿ 2021ರಿಂದ 2024ರವರೆಗೆ ಗೆದ್ದವರು ಎರಚಾಡಿದ್ದು ಇಟಲಿಯ ಟ್ರೆಂಟೊ ವೈನ್. ಅದನ್ನೂ ಶಾಂಪೇನ್ ಅಂತಲೇ ಕರೆದದ್ದನ್ನು ಎಷ್ಟು ಸಲ ಕೇಳಿದ್ದೇನೋ!

ಶಾಂಪೇನ್ ಮೊದಲು ಒಂದು ಸೀಮೆಯ ಹೆಸರು. ಪ್ಯಾರಿಸ್‌ನಿಂದ ಪೂರ್ವಕ್ಕೆ ಸುಮಾರು 150 ಕಿ.ಮೀ. ಹೋದರೆ ಸಿಗುವ ರೀಮ್ಸ್, ಎಪರ್ನೆ ಪಟ್ಟಣಗಳ ಸುತ್ತಮುತ್ತಲ ನಾಡು. ಅಲ್ಲಿ ಮಾಡಿದ ಗುಳ್ಳೆ ಏಳುವ ವೈನ್‌ಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಲ್ಯಾಟಿನ್‌ನಲ್ಲಿ ಕ್ಯಾಂಪಸ್ ಅಂದರೆ ಬಯಲು. ಅದರಿಂದ ಹುಟ್ಟಿದ್ದು ಕಂಪಾನಿಯಾ, ಅಂದರೆ ಬಯಲು ನಾಡು. ಅದೇ ಫ್ರೆಂಚರ ಬಾಯಲ್ಲಿ ಸವೆದು ಶಾಂಪಾಞ್ ಆಯಿತು. ನಮ್ಮ 'ಬಯಲುಸೀಮೆ'ಗೆ ಇದಕ್ಕಿಂತ ಹತ್ತಿರದ ಪದ ಇನ್ನೊಂದಿಲ್ಲ! ನೇಪಲ್ಸ್ ಇರುವ ಇಟಲಿಯ ಕಂಪಾನಿಯಾ ಕೂಡ ಇದೇ ಪದ. ಕಾಲೇಜಿನ ಕ್ಯಾಂಪಸ್, ಎನ್‌ಸಿಸಿ ಕ್ಯಾಂಪ್ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಸೈನ್ಯ ಬಯಲಿಗಿಳಿದು ಕಾದಾಡುವ ದಿನಗಳಿಗೆ ಕ್ಯಾಂಪೇನ್ ಅಂತ ಹೆಸರಿತ್ತು. ಈಗ ಅದು ಚುನಾವಣೆಗೆ ಬಂದು ನಿಂತಿದೆ. ಶಾಂಪೇನ್, ಕ್ಯಾಂಪೇನ್ ಪ್ರಾಸ ಸುಮ್ನೆ ಬಂದದ್ದಲ್ಲ.

ಹೆಸರು ಬಯಲು ಅಂತಿದ್ದರೂ ದ್ರಾಕ್ಷಿ ಜಾಸ್ತಿ ಬೆಳೆಯುವುದು ಇಳಿಜಾರಿನಲ್ಲಿ, ಸೀಮೆಸುಣ್ಣದಂಥ ಬಿಳಿ ನೆಲದಲ್ಲಿ. ಫ್ರಾನ್ಸಿನ ಪಶ್ಚಿಮಕ್ಕಿರುವ ಕೊನ್ಯಾಕ್ ನಾಡಿನಲ್ಲೂ ಶಾಂಪೇನ್ ಅನ್ನುವ ಜಾಗಗಳಿವೆ. ಅಲ್ಲಿನ ಬ್ರಾಂದಿ ಬಾಟಲಿಯ ಮೇಲೆ 'ಫೀನ್ ಶಾಂಪಾಞ್' ಅಂತ ಕಂಡರೆ ಗುಳ್ಳೆ ಹುಡುಕಬೇಡಿ. ಫ್ರೆಂಚರಿಗಂತೂ ಸೀಮೆ, ವೈನ್ ಬೆರೆಯುವುದೇ ಇಲ್ಲ. 'ಲಾ ಶಾಂಪಾಞ್' ಅಂದರೆ ಸೀಮೆ, ಸ್ತ್ರೀಲಿಂಗ. 'ಲ ಶಾಂಪಾಞ್' ಅಂದರೆ ವೈನ್, ಪುಲ್ಲಿಂಗ.

ಇನ್ನು "ಅದೇ ವಿಧಾನದಲ್ಲಿ ಮಾಡಿದರೆ ಅದೂ ಶಾಂಪೇನೇ ಅಲ್ವಾ?" ಅನ್ನುವ ವಾದ. ಅಲ್ಲ. ವಿಧಾನ ಇಷ್ಟು: ವೈನ್‌ಗೆ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯಲ್ಲೇ ಇನ್ನೊಮ್ಮೆ ಹುದುಗಲು ಬಿಡುತ್ತಾರೆ. ಗ್ಯಾಸ್ ಹೊರಗೆ ಹೋಗಲಾಗದೆ ಒಳಗೇ ಕರಗುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಯ ಐದಾರು ಪಟ್ಟು. ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಇರಬೇಕು. ಆಮೇಲೆ ಬಾಟಲಿಯನ್ನು ತಲೆಕೆಳಗಾಗಿ ವಾಲಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಗಸಿಯನ್ನೆಲ್ಲ ಕತ್ತಿಗೆ ಇಳಿಸುತ್ತಾರೆ. ಕತ್ತನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿ ಮಂಜಿನ ಬಿರಡೆಯಂತೆ ಹೊರಗೆ ಹಾರುತ್ತದೆ. ಬಿಳಿ ವೈನ್ ಆದರೂ ಅದರ ಮೂರು ಮುಖ್ಯ ದ್ರಾಕ್ಷಿಗಳಲ್ಲಿ ಪಿನೊ ನ್ವಾರ್, ಮ್ಯೂನಿಯೆ ಎರಡೂ ಕಪ್ಪು. ಮೆಲ್ಲಗೆ ಹಿಂಡಿದರೆ ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುವುದಿಲ್ಲ.

ಇದೇ ವಿಧಾನದಲ್ಲಿ ಸ್ಪೇನಿನವರು ಕಾವಾ ಮಾಡುತ್ತಾರೆ, ನಾಸಿಕ್‌ನಲ್ಲೂ ಮಾಡುತ್ತಾರೆ. ಅವು ಶಾಂಪೇನ್ ಅಲ್ಲ. ಫ್ರಾನ್ಸಿನಲ್ಲೇ ಬೇರೆ ಸೀಮೆಯವರು ಮಾಡಿದರೆ ಕ್ರೆಮಾಂನಂಥ ಬೇರೆ ಹೆಸರು ಇಡಬೇಕು. ಸ್ವಿಟ್ಜರ್ಲೆಂಡಿನಲ್ಲಿ ಶಾಂಪೇನ್ ಅನ್ನುವ ಹಳ್ಳಿಯೇ ಇದೆ. ತಮ್ಮ ಊರಿನ ಗುಳ್ಳೆ ಇಲ್ಲದ ವೈನ್‌ಗೆ ಊರಿನ ಹೆಸರಿಡುವ ಹಕ್ಕನ್ನು ಅವರು 2004ರಲ್ಲಿ ಕಳೆದುಕೊಂಡರು. ಇದು ಮಾತ್ರ ಅತಿಯಾಯಿತು ಅಂತ ನನಗನಿಸುತ್ತದೆ. ಉಳಿದಂತೆ ಶಾಂಪೇನ್‌ನವರ ಹಟ ನ್ಯಾಯವಾದದ್ದೇ. ಎಲ್ಲೋ ಬೆಳೆದ ಬಾಳೆಯನ್ನು ನಂಜನಗೂಡು ರಸಬಾಳೆ ಅಂತ ಮಾರಿದರೆ ನಾವು ಸುಮ್ಮನಿರುತ್ತೇವಾ?

ಉಳಿದವಕ್ಕೆ ಸ್ಪಾರ್ಕ್ಲಿಂಗ್ ವೈನ್ ಅನ್ನಿ. ಕನ್ನಡದಲ್ಲೇ ಬೇಕೆಂದರೆ 'ಗುಳ್ಳೆ ವೈನ್' ಚೆನ್ನಾಗಿದೆ, ಕೇಳಿದವರಿಗೆ ತಕ್ಷಣ ಗೊತ್ತಾಗುತ್ತದೆ. ಮಕ್ಕಳ ಬಾಟಲಿಗೆ ಸೇಬಿನ ಸೋಡಾ ಅಂದರೆ ಸಾಕು.