ವೋಟ್ ಹಾಕೋ ಮುಂಚೆ ಕ್ಯಾಂಡಿಡೇಟ್ ಮೇಲಿನ ಕೇಸು, ಆಸ್ತಿ ಮೊಬೈಲಲ್ಲೇ ನೋಡ್ಬೋದಾ?

ಎಲೆಕ್ಷನ್ ಹತ್ರ ಬಂದಾಗೆಲ್ಲ ಬರೋ ಪ್ರಶ್ನೆ: "ನಮ್ಮ ಕ್ಷೇತ್ರದಲ್ಲಿ ನಿಂತಿರೋರ ಮೇಲೆ ಎಷ್ಟು ಕೇಸಿದೆ, ಎಷ್ಟು ಆಸ್ತಿ ಮಾಡಿದಾರೆ ಅಂತ ವಾಟ್ಸಾಪಲ್ಲಿ ಒಬ್ಬೊಬ್ರು ಒಂದೊಂದು ಕಳಿಸ್ತಾರೆ, ನಿಜ ಯಾವುದು ಅಂತ ನಾವೇ ನೋಡ್ಕೊಳ್ಳೋಕೆ ಆಗತ್ತಾ?"

ಆಗತ್ತೆ, ದುಡ್ಡೂ ಕೊಡ್ಬೇಕಿಲ್ಲ. ನಾಮಪತ್ರದ ಜೊತೆ ಎಲ್ಲರೂ ಫಾರ್ಮ್ 26 ಅನ್ನೋ ಅಫಿಡವಿಟ್ (ಕೇಸು, ಆಸ್ತಿ, ಸಾಲದ ಪ್ರಮಾಣಪತ್ರ) ಕೊಡ್ಲೇಬೇಕು, ಅದನ್ನ ಚುನಾವಣಾ ಆಯೋಗ ತನ್ನ ಅಫಿಡವಿಟ್ ಪೋರ್ಟಲ್‌ಗೆ ಹಾಕತ್ತೆ, ಆಯೋಗದ ಆ್ಯಪಲ್ಲೂ ಸಿಗತ್ತೆ. ಪಾರ್ಟಿಗಳು ಖುಷಿಯಿಂದ ಒಪ್ಪಿದ್ದೇನಲ್ಲ ಇದು. ಐಐಎಂ ಅಹಮದಾಬಾದ್‌ನ ಪ್ರೊಫೆಸರ್‌ಗಳು 1999ರಲ್ಲಿ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಅಂತ ಸಂಸ್ಥೆ ಕಟ್ಕೊಂಡು ಕೋರ್ಟಿಗೆ ಹೋದ್ರು, 2002ರಲ್ಲಿ ಸುಪ್ರೀಂ ಕೋರ್ಟು ಮತದಾರನಿಗೆ ಇದನ್ನೆಲ್ಲ ತಿಳ್ಕೊಳ್ಳೋ ಹಕ್ಕಿದೆ ಅಂತು, ಸರ್ಕಾರ ಕಾನೂನು ತಿದ್ದಿ ಅದನ್ನ ಮೊಟಕು ಮಾಡೋಕೆ ನೋಡ್ತು, 2003ರಲ್ಲಿ ಕೋರ್ಟು ಆ ಆಟಾನೂ ನಿಲ್ಲಿಸ್ತು.

ಸರಿ, ಪಿಡಿಎಫ್ ಡೌನ್‌ಲೋಡ್ ಮಾಡಿದ್ರಿ ಅನ್ಕೊಳ್ಳಿ. ಛಾಪಾ ಕಾಗದ, ನೋಟರಿ ಸೀಲು, ಪ್ರತಿ ಪುಟಕ್ಕೂ ಸಹಿ, ಮಧ್ಯ ಮಧ್ಯ ಪೆನ್ನಲ್ಲಿ ತಿದ್ದಿರೋದು ಎಲ್ಲ ಕಾಣತ್ತೆ, ಗಾಬರಿಯಾಗ್ಬೇಡಿ, ಮೊದಲನೇ ಪುಟದಿಂದ ಓದ್ಲೂಬೇಡಿ. ಸೀದಾ ಕೊನೆಗೆ ಹೋಗಿ, ಅಲ್ಲಿ 'ಭಾಗ ಬಿ' ಅಂತ ಸಾರಾಂಶದ ಟೇಬಲ್ ಇರತ್ತೆ: ಎಷ್ಟು ಕೇಸು, ಎಷ್ಟು ಸಾಲ, ಗಂಡನ ಹೆಸರಲ್ಲಿ ಹೆಂಡತಿ ಹೆಸರಲ್ಲಿ ಎಷ್ಟಾಸ್ತಿ. ಯಾವುದಾದ್ರೂ ಕಣ್ಣಿಗೆ ಹೊಡೆದ್ರೆ ಆಮೇಲೆ ಒಳಗೆ ಹುಡುಕಿ. ಕೇಸಿನ ಕಡೆ ಎಫ್‌ಐಆರ್ ನಂಬರು, ಕೋರ್ಟಿನ ಹೆಸರು, ಸೆಕ್ಷನ್ನು, ಚಾರ್ಜ್ ಫ್ರೇಮ್ (ಕೋರ್ಟಲ್ಲಿ ಆರೋಪ ನಿಗದಿ) ಆಗಿದ್ಯಾ ಇಲ್ವಾ ಅಂತ ಇರತ್ತೆ, ರಸ್ತೆತಡೆ ಮಾಡಿದ ಕೇಸಿಗೂ ಚೆಕ್ ಬೌನ್ಸಿಗೂ ಕೊಲೆಯತ್ನಕ್ಕೂ ವ್ಯತ್ಯಾಸ ಗೊತ್ತಾಗೋದು ಇಲ್ಲೇ, "ಹತ್ತು ಕೇಸಿದೆಯಂತೆ" ಅನ್ನೋ ಫಾರ್ವರ್ಡಲ್ಲಿ ಅಲ್ಲ. ಆ ಕೇಸ್ ನಂಬರನ್ನ ಇ-ಕೋರ್ಟ್ಸ್ ಸೈಟಲ್ಲಿ ಹಾಕಿದ್ರೆ ಈಗ ಯಾವ ಹಂತದಲ್ಲಿದೆ ಅಂತಾನೂ ನೋಡ್ಬೋದು.

ನನ್ನ ತಕರಾರು ಬೇರೆ. ಇಷ್ಟೆಲ್ಲ ಮಾಹಿತಿನ ಸ್ಕ್ಯಾನ್ ಮಾಡಿದ ಫೋಟೋ ಥರ ಹಾಕಿದ್ರೆ ಸರ್ಚ್ ಆಗಲ್ಲ, ಕನ್ನಡದಲ್ಲಿ ಬರೆದಿದ್ರಂತೂ ಕೇಳ್ಲೇಬೇಡಿ, ಕರ್ನಾಟಕದ 224 ಕ್ಷೇತ್ರದ್ದನ್ನ ಹೋಲಿಸ್ಬೇಕು ಅಂದ್ರೆ ಯಾರೋ ಕೂತ್ಕೊಂಡು ಒಂದೊಂದೇ ಟೈಪ್ ಮಾಡ್ಬೇಕು. ಎಡಿಆರ್‌ನವರ 'ಮೈನೇತಾ' ಸೈಟು ಮಾಡ್ತಿರೋದು ಇದನ್ನೇ. ಆನ್‌ಲೈನಲ್ಲಿದೆ ಅಂದ ಮಾತ್ರಕ್ಕೆ ಜನಕ್ಕೆ ಸಿಕ್ಕಿದೆ ಅಂತಲ್ಲ. ಹೆಸರು ಹೊರಗೆ ಬರದ ಹಾಗೆ ಪಾರ್ಟಿಗಳಿಗೆ ದೇಣಿಗೆ ಕೊಡ್ಬೋದಿದ್ದ ಚುನಾವಣಾ ಬಾಂಡ್ ನೆನಪಿದ್ಯಲ್ಲ, 2024ರ ಮಾರ್ಚ್ 14ಕ್ಕೆ ಆಯೋಗ ಎರಡು ಪಟ್ಟಿ ಹಾಕ್ತು, ಒಂದರಲ್ಲಿ ಕೊಂಡೋರು, ಇನ್ನೊಂದರಲ್ಲಿ ಎನ್‌ಕ್ಯಾಶ್ ಮಾಡಿಕೊಂಡ ಪಾರ್ಟಿಗಳು, ಯಾರು ಯಾರಿಗೆ ಕೊಟ್ರು ಅನ್ನೋ ಕೊಂಡಿನೇ ಇರ್ಲಿಲ್ಲ. ಸುಪ್ರೀಂ ಕೋರ್ಟು ಮತ್ತೆ ಗದರಿದ ಮೇಲೆ ಬಾಂಡ್ ಮಾರಿದ್ದ ಎಸ್‌ಬಿಐ ಬಾಂಡ್ ನಂಬರ್ ಕೊಡ್ತು, 21ಕ್ಕೆ ಅದೂ ಬಂತು, ಆಮೇಲೇ ಎರಡೂ ಪಟ್ಟಿ ತಾಳೆ ಹಾಕೋಕಾಗಿದ್ದು.

ಇನ್ನೊಂದು ತಮಾಷೆ. ಕೇಸಿರೋರಿಗೆ ಯಾಕೆ ಟಿಕೆಟ್ ಕೊಟ್ರಿ ಅಂತ ಪಾರ್ಟಿಗಳು ವೆಬ್‌ಸೈಟಲ್ಲಿ ಕಾರಣ ಹಾಕ್ಬೇಕು, ಗೆಲ್ತಾರೆ ಅನ್ನೋದೊಂದೇ ಕಾರಣ ಆಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹುಡುಕಿ ಓದಿ ನೋಡಿ, ಜನಪ್ರಿಯ ನಾಯಕರು, ಸಮಾಜಸೇವಕರು, ಕೇಸು ರಾಜಕೀಯ ಪ್ರೇರಿತ ಅನ್ನೋ ಥರದ್ದು ಬೇಕಾದಷ್ಟು ಸಿಗತ್ತೆ.

ಅಫಿಡವಿಟ್‌ನಲ್ಲಿರೋದು ಅವರೇ ಬರ್ಕೊಟ್ಟಿದ್ದು ಅನ್ನೋದು ಮರೀಬೇಡಿ. ಸುಳ್ಳು ಕೊಟ್ರೆ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 125ಎ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ, ಅಷ್ಟೇ. ಜಮೀನಿನ ಈಗಿನ ಬೆಲೆನೂ ಅವರದೇ ಅಂದಾಜು. ಅದಕ್ಕೇ ರೂಪಾಯಿಗಿಂತ ಸರ್ವೆ ನಂಬರ್ ನೋಡಿ, ಹಿಂದಿನ ಸಲದ ಅಫಿಡವಿಟ್ ಪಕ್ಕದಲ್ಲಿಟ್ಕೊಂಡು ಹೊಸ ಸರ್ವೆ ನಂಬರ್ ಎಷ್ಟು ಸೇರಿದೆ, ಯಾವ ತಾರೀಕಿಗೆ ಎಷ್ಟಕ್ಕೆ ಕೊಂಡಿದ್ದು ಅಂತ ಗುರುತು ಹಾಕ್ಕೊಳ್ಳಿ, ಅದರ ಕಾಲಮ್ಮೂ ಫಾರ್ಮಲ್ಲೇ ಇದೆ.