ದೊಡ್ಡ ಇಂಜೆಕ್ಷನ್ ಕೊನೆಗಿರಲಿ ಎನ್ನುವವರಿಗೆ

‘ಡಾಕ್ಟರೇ, ಆ ದೊಡ್ಡ ಇಂಜೆಕ್ಷನ್ ಕೊನೆಗಿರಲಿ. ಸದ್ಯಕ್ಕೆ ಮಾತ್ರೆಯಲ್ಲೇ ನೋಡೋಣ.’

ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಮೈಯೆಲ್ಲ ಹರಡಿದ ಮೇಲೂ ಮನೆಯವರು ಹೀಗೆ ಲೆಕ್ಕ ಹಾಕುತ್ತಾರೆ. ಮಗಳ ಮದುವೆಗೆಂದು ಬೀರುವಿನಲ್ಲಿಟ್ಟ ಚಿನ್ನದ ಹಾಗೆ ಆ ಇಂಜೆಕ್ಷನ್ನನ್ನೂ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಇಮ್ಯುನೊಥೆರಪಿಯನ್ನೂ, ಎತ್ತಿಡಬಹುದು ಎಂದು. ಎಷ್ಟು ಸಲ ಹೇಳಿದರೂ ಮುಂದಿನ ವಾರ ಇನ್ನೊಬ್ಬರು ಅದನ್ನೇ ಕೇಳುತ್ತಾರೆ.

ಚಿನ್ನ ಇಟ್ಟಲ್ಲೇ ಇರುತ್ತದೆ. ಈ ಔಷಧಿಯ ಬಲ ಹಾಗಲ್ಲ. ಅದು ತಾನಾಗಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದಿಲ್ಲ. ರೋಗದ ವಿರುದ್ಧ ಕಾದಾಡುವ ನಮ್ಮ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ ಬಿದ್ದಿರುವ ಬ್ರೇಕ್ ತೆಗೆಯುತ್ತದೆ, ಅಷ್ಟೆ. ಕಾದಾಡಬೇಕಾದದ್ದು ರೋಗಿಯ ಮೈ. ಅದು ಬಸವಳಿದ ಮೇಲೆ ಬ್ರೇಕ್ ತೆಗೆದರೆ ಓಡುವವರು ಯಾರು?

ಇದು ಬರಿಯ ತರ್ಕವಲ್ಲ. ಅಮೆರಿಕದ ‘ಡ್ರೀಮ್‌ಸೆಕ್’ ಪ್ರಯೋಗದಲ್ಲಿ ಗೆಡ್ಡೆಯಲ್ಲಿ ಬಿರಾಫ್ ಎಂಬ ಜೀನ್ ಬದಲಾಗಿದ್ದ 265 ಮೆಲನೋಮ ರೋಗಿಗಳಿದ್ದರು; ಈ ಮಾತ್ರೆಗಳು ಅಂಥವರಿಗೇ. ಒಂದು ಗುಂಪಿಗೆ ಮೊದಲು ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಇಂಜೆಕ್ಷನ್, ಇನ್ನೊಂದಕ್ಕೆ ಮೊದಲು ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಮಾತ್ರೆ; ರೋಗ ಬೆಳೆದರೆ ಅದಲುಬದಲು. ಎರಡು ವರ್ಷಕ್ಕೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 71.8, ಎರಡನೆಯದರಲ್ಲಿ ಶೇ 51.5. ನಾನು ಕಾಗದದ ಮೇಲೆ ಬರೆದು ತೋರಿಸುವುದು ಮಾತ್ರ ಬೇರೆ ಅಂಕಿಗಳನ್ನು. ಇಂಜೆಕ್ಷನ್ ಮೊದಲು ಕೊಟ್ಟಾಗ ಶೇ 46ರಷ್ಟು ಮಂದಿಯಲ್ಲಿ ಗೆಡ್ಡೆ ಕುಗ್ಗಿತು. ಮಾತ್ರೆ ಸೋತ ಮೇಲೆ ಕೊಟ್ಟಾಗ ಸುಮಾರು ಶೇ 30ರಲ್ಲಿ. ಮಾತ್ರೆಯೋ, ಮೊದಲು ಕೊಟ್ಟರೆ 43, ಆಮೇಲೆ ಕೊಟ್ಟರೆ 48. ಅಂದರೆ ತಡವಾಗಿ ಕೊಟ್ಟರೂ ಬಲಗುಂದದಿರುವುದು ಮಾತ್ರೆ. ಕೊನೆಗೆಂದು ಎತ್ತಿಡುವುದಿದ್ದರೆ ಅದನ್ನು ಇಡಿ.

ಎಲ್ಲರಿಗೂ ಇದೇ ಎನ್ನಲಾರೆ. ಪ್ರಯೋಗದ ಮೊದಲ ತಿಂಗಳುಗಳಲ್ಲಿ ಮಾತ್ರೆಯ ಗುಂಪೇ ತುಸು ಮುಂದಿತ್ತು. ರೋಗ ನಾಗಾಲೋಟದಲ್ಲಿದ್ದು ರೋಗಿ ಹಾಸಿಗೆ ಹಿಡಿದಿದ್ದರೆ ನಾನೂ ಮಾತ್ರೆಯಿಂದಲೇ ತೊಡಗಬಹುದು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಅಂಗಾಲಿನ ಮೆಲನೋಮದಲ್ಲಿ ಬಿರಾಫ್ ಬದಲಾವಣೆ ಕಡಿಮೆ, ಇಮ್ಯುನೊಥೆರಪಿಯ ಫಲವೂ ಕಡಿಮೆ. ಅಲ್ಲಿನ ಅಂಕಿಯನ್ನು ಇಲ್ಲಿಗೆ ಹಾಗೆಯೇ ಅಂಟಿಸುವಂತಿಲ್ಲ. ಖರ್ಚಿನ ಮಾತು ಬಂದಾಗ ನನ್ನ ದನಿಯೂ ಇಳಿಯುತ್ತದೆ.

ಮಲೆನಾಡಿನ ನಿವೃತ್ತ ಮೇಷ್ಟರೊಬ್ಬರು ಅಂಗಾಲಿನ ಕಪ್ಪು ಮಚ್ಚೆಯನ್ನು ಆಣಿಯೆಂದು ಒಂದು ವರ್ಷ ಬ್ಲೇಡಿನಿಂದ ಕೆರೆದವರು. ಬಿರಾಫ್ ಬದಲಾಗಿದ್ದ ಕೆಲವರಲ್ಲಿ ಅವರೊಬ್ಬರು. ಮಗ ಮಾತ್ರೆ ಎಂದ. ಮೇಷ್ಟರು ನನ್ನ ಕಾಗದ ನೋಡಿ ಇಂಜೆಕ್ಷನ್ ಎಂದರು. ಎರಡನೆಯ ಡೋಸಿನ ನಂತರ ಭೇದಿ ಹಿಡಿಯಿತು. ಗೃಹಪ್ರವೇಶದ ಹೋಳಿಗೆ ಹೆಚ್ಚಾಯಿತೆಂದು ನಾಲ್ಕು ದಿನ ಮೆಡಿಕಲ್ ಶಾಪಿನ ಮಾತ್ರೆ ನುಂಗಿದರು! ಬ್ರೇಕ್ ಕಳೆದ ಟಿ ಕೋಶಗಳು ಕರುಳಿಗೇ ಕೈಹಾಕಿದ್ದವು. ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತಂದೆವು, ಚೆನ್ನಾಗಿ ಬೈದೆ. ಈಗ ಸೀನಿದರೂ ಫೋನ್ ಮಾಡುತ್ತಾರೆ, ಊಟದ ಹೊತ್ತಿಗೇ. ಎತ್ತುತ್ತೇನೆ.