ಸ್ಪೀಡ್ ಇದ್ದರೂ ಗೇಮ್ ಲ್ಯಾಗ್ ಆಗುವುದು ಯಾಕೆ: ನನ್ನ ಟಿಪ್ಪಣಿ

ಒಂದು ವಾರ ಇದರ ಹಿಂದೆಯೇ ಬಿದ್ದಿದ್ದೆ. ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಬರುತ್ತಿತ್ತು. ಆದರೂ ಸಂಜೆ ಮ್ಯಾಚ್ ಶುರುವಾದರೆ ಪಿಂಗ್ 30ರಿಂದ 400 ಮಿಲಿಸೆಕೆಂಡಿಗೆ ಹಾರುತ್ತಿತ್ತು. ಗೇಮ್‌ಗೆ ಬೇಕಾದ ಡೇಟಾ ತುಂಬಾ ಕಡಿಮೆ. ಅದಕ್ಕೆ ಬೇಕಿರುವುದು ತಡವಾಗದೆ ತಲುಪುವ ಪುಟ್ಟ ಪುಟ್ಟ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು. ಹಾಗಾಗಿ ಸ್ಪೀಡ್ ಟೆಸ್ಟ್ ಅಂಕಿ ನೋಡಿ ಲ್ಯಾಗ್ ಅಳೆಯಲು ಆಗುವುದಿಲ್ಲ.

ಮೂರು ಪದ ಬೇಕು. ಪಿಂಗ್ ಅಂದರೆ ಪ್ಯಾಕೆಟ್ ಹೋಗಿ ಬರುವ ಸಮಯ. ಜಿಟ್ಟರ್ ಅಂದರೆ ಆ ಸಮಯದ ಏರಿಳಿತ. ಪ್ಯಾಕೆಟ್ ಲಾಸ್ ಅಂದರೆ ದಾರಿಯಲ್ಲೇ ಕಳೆದುಹೋದವು.

ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕಬೇಕು. ಕಂಪ್ಯೂಟರ್‌ನಲ್ಲಿ ಎರಡು ಕಮಾಂಡ್ ವಿಂಡೋ ತೆರೆಯಿರಿ. ಒಂದರಲ್ಲಿ ರೌಟರ್‌ಗೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ 8.8.8.8ಕ್ಕೆ (ಹೊರಗಿರುವ ಗೂಗಲ್ ಸರ್ವರ್) ನಿಲ್ಲದೆ ಪಿಂಗ್ ಓಡಲಿ. ಲ್ಯಾಗ್ ಬಂದ ಕ್ಷಣ ಎರಡನ್ನೂ ನೋಡಿ. ರೌಟರ್ ಪಿಂಗ್ ಕೂಡ ಕುಣಿದರೆ ಹೆಚ್ಚಾಗಿ ವೈಫೈ ತೊಂದರೆ. ರೌಟರ್ ಪಿಂಗ್ 1-2 ಮಿಲಿಸೆಕೆಂಡಿನಲ್ಲೇ ನಿಂತು, ಎರಡನೆಯದು ಮಾತ್ರ ಏರಿದರೆ ತೊಂದರೆ ರೌಟರ್ ಆಚೆಗಿನ ಲೈನಿನಲ್ಲಿದೆ.

ವೈಫೈ ಆದರೆ ಕೇಬಲ್ ಹಾಕಿ, ಅಷ್ಟೇ. ಆಗದಿದ್ದರೆ ವೈಫೈನ 5 ಗಿಗಾಹರ್ಟ್ಸ್ ಪಟ್ಟಿ ಬಳಸಿ. 2.4ರಲ್ಲೇ ಇರಬೇಕಾದರೆ 1, 6, 11 ಚಾನೆಲ್‌ಗಳಲ್ಲಿ ಒಂದನ್ನು ಆರಿಸಿ, ಇವು ಒಂದರ ಮೇಲೊಂದು ಬೀಳುವುದಿಲ್ಲ. ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಅದೇ 2.4ರ ಪಟ್ಟಿಯಲ್ಲಿ ಗದ್ದಲ ಮಾಡುತ್ತದೆ.

ನನ್ನದು ಎರಡನೇ ಜಾತಿ. ಫೋನ್ ಫೋಟೋ ಬ್ಯಾಕಪ್ ಶುರು ಮಾಡಿದಾಗಲೆಲ್ಲ ಪಿಂಗ್ ಏರುತ್ತಿತ್ತು. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಲೆಕ್ಕ ಹಾಕಿದರೆ ಚೆನ್ನಾಗಿ ಅರ್ಥವಾಗುತ್ತದೆ. ಅಪ್‌ಲೋಡ್ 10 ಎಂಬಿಪಿಎಸ್ ಅಂದುಕೊಳ್ಳಿ. ಮೋಡೆಮ್‌ನ (ಮನೆಯನ್ನು ಹೊರಗಿನ ಲೈನಿಗೆ ಜೋಡಿಸುವ ಪೆಟ್ಟಿಗೆ) ಬಫರ್, ಅಂದರೆ ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗ, 1 ಮೆಗಾಬೈಟ್, ಅಂದರೆ 8 ಮೆಗಾಬಿಟ್. ಅದು ತುಂಬಿದ್ದರೆ ಖಾಲಿಯಾಗಲು 8 ಭಾಗಿಸು 10, ಅಂದರೆ 0.8 ಸೆಕೆಂಡು. ಗೇಮ್ ಪ್ಯಾಕೆಟ್ ಸಾಲಿನ ಕೊನೆಯಲ್ಲಿ ನಿಂತರೆ 800 ಮಿಲಿಸೆಕೆಂಡು ಕಾಯಬೇಕು. ಪ್ಯಾಕೆಟ್ ಕಳೆದಿಲ್ಲ, ಸುಮ್ನೆ ಕಾಯುತ್ತಿದೆ. ಬ್ಯಾಕಪ್ ಕಳಿಸುವ ಟಿಸಿಪಿ (ಡೇಟಾ ಸಾಗಿಸುವ ನಿಯಮಾವಳಿ) ಸಾಮಾನ್ಯವಾಗಿ ಪ್ಯಾಕೆಟ್ ಬಿದ್ದಾಗಲೇ ವೇಗ ಇಳಿಸುತ್ತದೆ. ಬಫರ್ ದೊಡ್ಡದಾದರೆ ಏನೂ ಬೀಳುವುದಿಲ್ಲ, ಹಾಗಾಗಿ ಅದು ತುಂಬಿಸುತ್ತಲೇ ಹೋಗುತ್ತದೆ.

ಪರಿಹಾರ ರೌಟರ್‌ನ ಎಸ್‌ಕ್ಯೂಎಂ ಸೆಟ್ಟಿಂಗ್, ಅಂದರೆ ಪ್ಯಾಕೆಟ್‌ಗಳ ಸಾಲನ್ನು ಜಾಣತನದಿಂದ ನಿಭಾಯಿಸುವ ವ್ಯವಸ್ಥೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ರೌಟರ್ ಸಾಫ್ಟ್‌ವೇರ್‌ನಲ್ಲಿ ಸಿಗುತ್ತದೆ. ಒಳಗೆ ಎಫ್‌ಕ್ಯೂ ಕೋಡೆಲ್ ಅಥವಾ ಕೇಕ್ ಎಂಬ ವಿಧಾನ ಕೆಲಸ ಮಾಡುತ್ತದೆ. ಕೋಡೆಲ್ ಅನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು. ಅದು ಸಾಲಿನ ಉದ್ದ ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡುತ್ತದೆ. ನನಗೆ ತುಂಬಾ ಇಷ್ಟವಾದ ಯೋಚನೆ ಇದು.

ನಾನು ಎಡವಿದ್ದು ಇಲ್ಲಿ. ಎಸ್‌ಕ್ಯೂಎಂ ಹಾಕುವಾಗ ವೇಗವನ್ನು ಲೈನಿಗಿಂತ ಕಡಿಮೆ ಬರೆಯಬೇಕು. ವೇಗ ಇಳಿಸಿದರೆ ಲ್ಯಾಗ್ ಹೇಗೆ ಕಡಿಮೆಯಾಗುತ್ತದೆ? ಮೂರು ದಿನ ತಲೆಗೆ ಹತ್ತಲಿಲ್ಲ. 10 ಅಂತಲೇ ಬರೆದೆ, ಏನೂ ಬದಲಾಗಲಿಲ್ಲ.

ಆಲಿಕೆ ಇಟ್ಟು ಸೀಸೆಗೆ ಎಣ್ಣೆ ಹುಯ್ಯುವುದನ್ನು ನೆನೆಯಿರಿ. ಎಣ್ಣೆ ತುಂಬಿ ನಿಲ್ಲುವುದು ಕಿರಿದಾದ ಕೊಳವೆಯ ಮೇಲ್ಭಾಗದಲ್ಲಿ. ಸಾಲು ಕೂಡ ಹಾಗೆಯೇ, ಎಲ್ಲಿ ದಾರಿ ಕಿರಿದೋ ಅದರ ಹಿಂದೆ ನಿಲ್ಲುತ್ತದೆ. ರೌಟರ್‌ನಿಂದ ಮೋಡೆಮ್‌ಗೆ 1000 ಎಂಬಿಪಿಎಸ್, ಮೋಡೆಮ್‌ನಿಂದ ಹೊರಗೆ 10. ಹಾಗಾದರೆ ಸಾಲು ನಿಲ್ಲುವುದು ಮೋಡೆಮ್ ಒಳಗೆ. ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ರೌಟರ್ 9 ಮಾತ್ರ ಬಿಟ್ಟರೆ, ಮೋಡೆಮ್ 10 ಕಳಿಸಬಲ್ಲದು, ಅಲ್ಲಿ ಸಾಲು ಕಟ್ಟುವುದೇ ಇಲ್ಲ. ಈಗ ಕಿರಿದಾದ ಜಾಗ ರೌಟರ್. ಸಾಲು ರೌಟರ್ ಒಳಗೆ ಬಂತು. ಅಲ್ಲಿ ಎಸ್‌ಕ್ಯೂಎಂ ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ ಸರದಿಯಲ್ಲಿ ಬಿಡುತ್ತದೆ. ಬ್ಯಾಕಪ್ ಪ್ಯಾಕೆಟ್‌ಗಳ ರಾಶಿ ತನ್ನ ಸಾಲಿನಲ್ಲಿ ಕಾಯುತ್ತದೆ, ಗೇಮ್ ಪ್ಯಾಕೆಟ್ ಪಕ್ಕದಿಂದ ಹೋಗಿಬಿಡುತ್ತದೆ.

10 ಅಂತ ಬರೆದಾಗ ಆಗದ ಕಾರಣವೂ ಈಗ ಸ್ಪಷ್ಟ, ಅಲ್ವಾ? ಲೈನಿನ ವೇಗ ಸ್ವಲ್ಪ ಏರಿಳಿಯುತ್ತದೆ, ಪ್ಯಾಕೆಟ್‌ಗೆ ಸೇರುವ ಹೆಚ್ಚುವರಿ ತಲೆಬರಹವೂ (ಹೆಡರ್) ಜಾಗ ತಿನ್ನುತ್ತದೆ. ಸಾಲು ಮತ್ತೆ ಮೋಡೆಮ್‌ಗೆ ಹೋಗಿತ್ತು. ಅಳತೆ ಮಾಡಿದ ವೇಗದ 85-90 ಶೇಕಡಾದಿಂದ ಶುರು ಮಾಡಿ, ಪಿಂಗ್ ನೋಡುತ್ತಾ ಮೇಲೇರಿಸಿ. ನನಗೆ 9ರಲ್ಲಿ ಬ್ಯಾಕಪ್ ಓಡುತ್ತಿದ್ದರೂ ಪಿಂಗ್ 35-40ರಲ್ಲೇ ನಿಂತಿತು.

ಡೌನ್‌ಲೋಡ್‌ಗೂ ಇದನ್ನೇ ಮಾಡಬೇಕು. ಅಲ್ಲಿ ಹಿಡಿತ ಸ್ವಲ್ಪ ಕಡಿಮೆ, ಯಾಕೆಂದರೆ ಪ್ಯಾಕೆಟ್ ಆಗಲೇ ಲೈನು ದಾಟಿ ಬಂದಿರುತ್ತದೆ. ರೌಟರ್‌ನಲ್ಲಿ ಎಸ್‌ಕ್ಯೂಎಂ ಇಲ್ಲದಿದ್ದರೆ ಬ್ಯಾಕಪ್ ಆ್ಯಪ್‌ನಲ್ಲೇ ಅಪ್‌ಲೋಡ್ ಮಿತಿ ಹಾಕಿ, ಅಥವಾ ಆಟದ ಹೊತ್ತಿನಲ್ಲಿ ನಿಲ್ಲಿಸಿ.

ಟ್ರೇಸ್‌ರೂಟ್ (ಪ್ಯಾಕೆಟ್ ದಾಟುವ ರೌಟರ್‌ಗಳನ್ನು ಸಾಲಾಗಿ ತೋರಿಸುವ ಕಮಾಂಡ್) ನಡುವೆ ನಕ್ಷತ್ರದ ಗುರುತು (*) ಕಂಡರೆ ಹೆದರಬೇಡಿ. ಕೆಲವು ರೌಟರ್‌ಗಳು ಉತ್ತರ ಕೊಡುವುದಿಲ್ಲ, ಅಷ್ಟೇ. ಲಾಸ್ ಅಲ್ಲಿ ಶುರುವಾಗಿ ಕೊನೆಯ ಸಾಲಿನವರೆಗೂ ಇದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ದೂರಕ್ಕೆ ಮಾತ್ರ ಮದ್ದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 1000 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡು ಬೇಕೇ ಬೇಕು. ಗೇಮ್ ಸೆಟ್ಟಿಂಗ್‌ನಲ್ಲಿ ಹತ್ತಿರದ ಸರ್ವರ್ ಆರಿಸಿಕೊಳ್ಳಿ.

ಮನೆಯ ಉಳಿದ ಸಾಧನಗಳನ್ನೆಲ್ಲ ಆಫ್ ಮಾಡಿ, ಕೇಬಲ್ ಹಾಕಿದರೂ 8.8.8.8ರ ಪಿಂಗ್ ದಿನಾ ಅದೇ ಹೊತ್ತಿಗೆ ಏರುತ್ತಿದೆಯೇ? ಎರಡೂ ವಿಂಡೋಗಳ ಫಲಿತಾಂಶವನ್ನು ಗಂಟೆ ಸಮೇತ ಉಳಿಸಿಕೊಂಡು ನೆಟ್ ಕೊಡುವವರಿಗೆ ಕಳಿಸಿ.